ಮನೆಯಂಗಳದಲ್ಲಿ ಕಾರಿನ ದುರಸ್ತಿ: ಮಾಡಬಹುದಾದುದು, ಮಾಡಬಾರದುದು

ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂಬುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಬಾಳಿ ತೋರಿಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರಿದರು. ಆದುದರಿಂದ ನಮ್ಮ ಮನೆಗಳ ತರುಣರು ರವಿವಾರ ಬೆಳಿಗ್ಗೆ ಪೂಜೆ ಮುಗಿಸಿ, ಅಂಗಿಯ ತೋಳು ಮಡಚಿ, ಕಾರಿನ ಬಾನೆಟ್ಟು ಎತ್ತಿ ಕೈ ಮಸಿ ಮಾಡಿಕೊಳ್ಳುವುದನ್ನು ಕಂಡಾಗ ಸಂತೋಷವೇ ಆಗುತ್ತದೆ. ತನ್ನ ವಾಹನದ ಗುಣದೋಷಗಳನ್ನು ತಾನೇ ಅರಿತವನು ದಾರಿಯಲ್ಲಿ ಕಂಗಾಲಾಗುವುದಿಲ್ಲ; ಯಾರಿಂದಲೂ ಮೋಸ ಹೋಗುವುದಿಲ್ಲ.

ಆದರೆ ಆ ಶರಣರಲ್ಲಿ ಪ್ರತಿಯೊಬ್ಬರೂ ತಮ್ಮ ಕಾಯಕದಲ್ಲಿ ನುರಿತವರಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಹೊಳೆಯ ಸೆಳವು ಅರಿಯದವನು ಹುಟ್ಟು ಹಿಡಿದರೆ ತಾನೂ ಮುಳುಗುತ್ತಾನೆ, ನಂಬಿ ಕುಳಿತವರನ್ನೂ ಮುಳುಗಿಸುತ್ತಾನೆ. ಇಂದು ಕೈಯಲ್ಲಿರುವ ಫೋನಿನಲ್ಲಿ ಹತ್ತು ನಿಮಿಷದ ಚಿತ್ರ ನೋಡಿದವನು ಹನ್ನೊಂದನೆಯ ನಿಮಿಷಕ್ಕೆ ಕಾರಿನ ಕೆಳಗೆ ತೂರುತ್ತಾನೆ. ಆ ಚಿತ್ರದಲ್ಲಿ ಕಾರಿನಡಿ ಗಟ್ಟಿಯಾದ ಸಿಮೆಂಟಿನ ನೆಲವಿರುತ್ತದೆ, ಉಕ್ಕಿನ ಸ್ಟ್ಯಾಂಡುಗಳಿರುತ್ತವೆ. ನಮ್ಮ ಅಂಗಳದಲ್ಲಿರುವುದು ಎರೆಮಣ್ಣು ಮತ್ತು ನಾಲ್ಕು ಇಟ್ಟಿಗೆ. ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ಏನಾಗಬಹುದೆಂಬುದನ್ನು ನಾನು ನನ್ನ ಮೈಮೇಲೆಯೇ ಕಲಿತುಕೊಂಡವನು. ಅದನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಅವ್ವ ಕೇಳಿದ ಪ್ರಶ್ನೆ

1997ರ ಶ್ರಾವಣ ಮಾಸ. ನಮ್ಮ ಮನೆಯಲ್ಲಿ ಆಗ ಹಳೆಯದೊಂದು ಮಾರುತಿ 800 ಇತ್ತು. ತಿರುವಿನಲ್ಲಿ ಮುಂದಿನ ಎಡಗಾಲಿಯಿಂದ ಕಟಕಟನೆ ಸದ್ದು ಬರುತ್ತಿತ್ತು. ಸಂಜೆ ಮಠದ ಪ್ರವಚನಕ್ಕೆ ಅವ್ವನನ್ನು ಕರೆದೊಯ್ಯಬೇಕಾಗಿತ್ತು. ಗ್ಯಾರೇಜಿಗೆ ಹೋಗುವುದೇಕೆ, ನಾನೇ ನೋಡಿಬಿಡೋಣವೆಂದು ಮನೆಯ ಮುಂದೆಯೇ ಜಾಕು ಹಚ್ಚಿ, ಗಾಲಿ ಬಿಚ್ಚಿ ಪಕ್ಕಕ್ಕೆ ಇರಿಸಿ, ಬೆನ್ನ ಮೇಲೆ ಮಲಗಿ ಕಾರಿನಡಿಗೆ ಸರಿದೆ. ಹಿಂದಿನ ರಾತ್ರಿ ಜಿಟಿಜಿಟಿ ಮಳೆಯಾಗಿತ್ತು. ಮೇಲೆ ಒಣಗಿದಂತೆ ಕಾಣುತ್ತಿದ್ದ ಎರೆಮಣ್ಣು ಒಳಗೆ ಮೆತ್ತಗಿತ್ತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಮ್ಮಾ, ಚಕ್ಕಡಿಗೆ ಕೀಲೆಣ್ಣಿ ಹಚ್ಚೂಮುಂದ ನಿಮ್ಮಪ್ಪಾರು ಅಚ್ಚಿನ ಬುಡಕ ದಿಮ್ಮಿ ಇಡತಿದ್ರು. ನೀ ಏನ ಇಟ್ಟೀ?" ಎಂದಳು.

ನನಗೆ ಸಿಟ್ಟೇ ಬಂದಿತು. ಇದು ಚಕ್ಕಡಿಯಲ್ಲ, ಕಾರು. ಇದಕ್ಕೆ ಜಾಕು ಇದೆ ಎಂದೆ. ಅವಳು ಅಲ್ಲಿಂದ ಕದಲಲಿಲ್ಲ. "ಏನರ ಇಡು, ಆಮ್ಯಾಗ ಮಕ್ಕೋ" ಎಂದು ಹಟ ಹಿಡಿದಳು. ಅವಳ ಬಾಯಿ ಮುಚ್ಚಿಸಲೆಂದೇ ಹೊರಗೆ ಬಂದು, ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿ, ಅದನ್ನೂ ಬಿಚ್ಚಿದ ಗಾಲಿಯನ್ನೂ ಒಂದರ ಮೇಲೊಂದು ಅಡ್ಡ ಮಲಗಿಸಿ, ಬಾಗಿಲ ಕೆಳಗಿನ ಪಟ್ಟಿಯಡಿಗೆ ದೂಡಿ ಮತ್ತೆ ಒಳಗೆ ಸರಿದೆ.

ಕಾಲು ಗಂಟೆಯೂ ಆಗಿರಲಿಲ್ಲ. ಬಿಗಿಯಾದ ನಟ್ಟೊಂದನ್ನು ಬಲವಾಗಿ ಎಳೆದೆ. ಕಾರು ತುಸು ಅಲುಗಿತು. ಜಾಕಿನ ಪಾದ ಒಂದು ಬದಿಗೆ ನೆಲದೊಳಕ್ಕೆ ಇಳಿದು ಅದು ವಾಲಿ ಬಿದ್ದಿತು. ಕಾರು ಎರಡು ಬೆರಳಿನಷ್ಟು ಕೆಳಗೆ ಬಂದು, ಆ ಎರಡು ಗಾಲಿಗಳ ಮೇಲೆ ಧಪ್ಪೆಂದು ಕುಳಿತಿತು. ನನ್ನ ಎದೆಗೂ ಕಬ್ಬಿಣಕ್ಕೂ ನಡುವೆ ಗೇಣಿನಷ್ಟು ಜಾಗ ಉಳಿದಿತ್ತು. ನಾನು ತೆವಳಿಕೊಂಡು ಹೊರಬಂದಾಗ ಅವ್ವ ಏನನ್ನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು. ಅವಳು ಲಿಂಗೈಕ್ಯಳಾಗಿ ಬಹಳ ವರ್ಷಗಳಾದವು. ಆದರೂ ಕಾರಿನ ಕೆಳಗೆ ಮಲಗುವ ಮುನ್ನ ಈಗಲೂ ನನ್ನ ಕಿವಿಯಲ್ಲಿ ಅದೇ ಮಾತು ಕೇಳಿಸುತ್ತದೆ: ನೀ ಏನ ಇಟ್ಟೀ?

ಜಾಕು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ

ಕಾರಿನ ಜೊತೆಗೆ ಬರುವ ಜಾಕನ್ನು ಗಾಲಿ ಬದಲಿಸುವುದಕ್ಕಾಗಿ ಮಾತ್ರ ಕೊಟ್ಟಿರುತ್ತಾರೆ. ಅದರ ಪಾದ ಚಿಕ್ಕದು. ಅಡ್ಡ ಬಲ ಬಿದ್ದರೆ ವಾಲುತ್ತದೆ. ಎಣ್ಣೆಯ ಒತ್ತಡದಿಂದ ಏರುವ ಜಾಕಿನಲ್ಲಿ ಒಳಗಿನ ರಬ್ಬರು ಸೀಲು ಹರಿದರೆ ಸದ್ದಿಲ್ಲದೆ ಕುಸಿಯುತ್ತದೆ. ಆದ್ದರಿಂದ ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬಾರದು. ಇದು ಈ ಲೇಖನದ ಮೊದಲನೆಯ ನಿಯಮ. ಉಳಿದುದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಕೆಳಗೆ ಮಲಗಿ ಕೆಲಸ ಮಾಡಲೇಬೇಕೆನ್ನುವವರು ಉಕ್ಕಿನ ಸ್ಟ್ಯಾಂಡುಗಳ ಜೋಡಿಯೊಂದನ್ನು ಕೊಳ್ಳಬೇಕು. ಕಾರಿನ ತೂಕವನ್ನು ತಾಳುವಂಥವೇ ಎಂಬುದನ್ನು ಅವುಗಳ ಮೇಲೆ ಬರೆದ ಅಂಕಿಯಿಂದ ತಿಳಿದುಕೊಳ್ಳಬೇಕು. ಜಾಕಿನಿಂದ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಗಟ್ಟಿ ಜಾಗದ ಕೆಳಗೆ ಸ್ಟ್ಯಾಂಡುಗಳನ್ನಿಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಿ, ಹೊರಗೆ ನಿಂತು ಕಾರನ್ನು ಒಮ್ಮೆ ಅಲುಗಿಸಿ ನೋಡಬೇಕು. ಬಿಚ್ಚಿದ ಗಾಲಿಯನ್ನು ಪಟ್ಟಿಯಡಿಗೆ ದೂಡುವುದು ಎರಡನೆಯ ಕಾವಲು. ನನ್ನನ್ನು ಉಳಿಸಿತೆಂಬ ಕಾರಣಕ್ಕೆ ಅದು ಸ್ಟ್ಯಾಂಡಿನ ಬದಲಿಯಾಗುವುದಿಲ್ಲ. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟ್ ಬ್ಲಾಕುಗಳನ್ನಂತೂ ಇಡಲೇಬಾರದು. ಗೋಡೆಯಲ್ಲಿ ಅವು ಭಾರ ಹೊರುತ್ತವೆ, ನಿಜ. ಆದರೆ ಒಂದೇ ಕಡೆ ಕಬ್ಬಿಣದ ಅಂಚು ಒತ್ತಿದಾಗ ಮುನ್ಸೂಚನೆಯಿಲ್ಲದೆ ಸಿಡಿದು ಪುಡಿಯಾಗುತ್ತವೆ.

ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಾರಿಯಲ್ಲಿ ಗಾಲಿ ಪಂಕ್ಚರಾಗಿ ಎರೆಮಣ್ಣಿನ ಮೇಲೆಯೇ ಜಾಕು ಹಚ್ಚಬೇಕಾದರೆ ಅಗಲವಾದ ದಪ್ಪ ಹಲಗೆಯೊಂದನ್ನು ಕೆಳಗೆ ಹಾಸಬೇಕು. ಅಂಥ ಹಲಗೆಯೊಂದು ಡಿಕ್ಕಿಯಲ್ಲಿ ಸದಾ ಇರಲಿ. ಗಾಲಿಯ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಜಾಕು ಜಾರುತ್ತದೆ. ಮತ್ತೆ ಕೂಡಿಸುವಾಗ ಎದುರುಬದುರು ನಟ್ಟುಗಳನ್ನು ಸರದಿಯಂತೆ ಬಿಗಿಯುತ್ತ, ಕೊನೆಯ ಬಿಗಿತವನ್ನು ಗಾಲಿ ನೆಲಕ್ಕೆ ತಾಗಿದ ಮೇಲೆ ಕೊಡಬೇಕು. ಐವತ್ತು-ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಹ್ಯಾಂಡ್‌ಬ್ರೇಕು ಹಾಕಿದೆ, ಗೇರಿನಲ್ಲೂ ಇದೆ, ಇನ್ನು ಗಾಲಿಗೆ ಕಲ್ಲು ಏಕೆ ಎಂದು ಕೇಳುವವರಿದ್ದಾರೆ. ಕಾರಣ ಹೀಗಿದೆ. ನಮ್ಮ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಹ್ಯಾಂಡ್‌ಬ್ರೇಕು ಹಿಂದಿನ ಗಾಲಿಗಳನ್ನು ಹಿಡಿಯುತ್ತದೆ. ಮುಂದಿನ ಒಂದು ಗಾಲಿಯನ್ನು ಮೇಲೆತ್ತಿದೊಡನೆ ಗೇರಿನ ಹಿಡಿತ ವ್ಯರ್ಥವಾಗುತ್ತದೆ. ಏಕೆಂದರೆ ಎರಡು ಗಾಲಿಗಳ ನಡುವಿನ ಡಿಫರೆನ್ಷಿಯಲ್ಲು ಗಾಳಿಯಲ್ಲಿರುವ ಗಾಲಿಯನ್ನು ತಿರುಗಗೊಟ್ಟು ನೆಲದ ಮೇಲಿನದನ್ನು ಉರುಳಲು ಬಿಡುತ್ತದೆ. ಆಗ ಕಾರು ನಿಂತಿರುವುದು ಹ್ಯಾಂಡ್‌ಬ್ರೇಕಿನ ಒಂದು ತಂತಿಯ ಭರವಸೆಯಿಂದ. ಆದುದರಿಂದ ನೆಲದ ಮೇಲಿರುವ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ಬೆಣೆ ಅಥವಾ ದೊಡ್ಡ ಕಲ್ಲು ಕೊಡುವುದು ಅವಶ್ಯ.

ಕುಕ್ಕರಿನ ಪಾಠ

ಎರಡನೆಯ ಅಪಾಯವೆಂದರೆ ಬಿಸಿಯಾದ ರೇಡಿಯೇಟರು. ಇದರ ವಿಚಾರದಲ್ಲಿ ನಮ್ಮ ತಾಯಂದಿರು ಮೆಕ್ಯಾನಿಕ್ಕುಗಳಿಗೂ ಗುರುಗಳಾಗಬಲ್ಲರು. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆಗೆಯುವುದಿಲ್ಲ. ಆದರೆ ಅದೇ ಮನೆಯ ಗಂಡಸು ಘಾಟಿನ ದಾರಿಯಲ್ಲಿ ಹೊಗೆಯಾಡುತ್ತಿರುವ ಕಾರಿನ ರೇಡಿಯೇಟರಿನ ಮುಚ್ಚಳಕ್ಕೆ ಬರಿಗೈ ಹಾಕುತ್ತಾನೆ.

ಎರಡರ ಒಳಗೂ ನಡೆಯುವುದು ಒಂದೇ ಕ್ರಿಯೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿಯೂ ರೇಡಿಯೇಟರಿನಲ್ಲಿಯೂ ಒತ್ತಡ ಹೆಚ್ಚಿರುವುದರಿಂದ ಅದು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ. ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಲೇ ಉಗಿಯಾಗಿ ಮುಖಕ್ಕೆ, ಎದೆಗೆ, ಕಣ್ಣಿಗೆ ಎರಚುತ್ತದೆ. ಆದ್ದರಿಂದ ಉಷ್ಣತೆಯ ಮುಳ್ಳು ಮೇಲೇರಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಿ ಕಾಯಬೇಕು. ಅರ್ಧ ಗಂಟೆ ಸಾಲದಿದ್ದರೆ ಒಂದು ಗಂಟೆ ಕಾಯಬೇಕು. ಮೇಲಿನ ರಬ್ಬರು ಕೊಳವೆಯನ್ನು ನಿಶ್ಚಿಂತೆಯಿಂದ ಹಿಡಿಯಬಹುದಾದಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹೊದಿಸಿ, ಮುಖ ದೂರ ಹಿಡಿದು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಒಳಗಿನ ಲೋಹ ಬಿರುಕು ಬಿಡಬಹುದು. ನಿಂತ ಮೇಲೂ ರೇಡಿಯೇಟರಿನ ವಿದ್ಯುತ್ ಫ್ಯಾನು ತಾನಾಗಿ ತಿರುಗತೊಡಗಬಹುದಾದುದರಿಂದ ಬೆರಳುಗಳನ್ನು ಅದರಿಂದ ದೂರವಿಡಬೇಕು.

ಗೃಹಿಣಿಯರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ರೇಡಿಯೇಟರಿಗೆ ಹಾಕುವ ಹಸಿರು ಅಥವಾ ಗುಲಾಬಿ ಬಣ್ಣದ ಕೂಲೆಂಟು ರುಚಿಗೆ ಸಿಹಿ, ಗುಣದಲ್ಲಿ ವಿಷ. ಅದನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ನೆಲದ ಮೇಲೆ ಚೆಲ್ಲಿದರೆ ಕೂಡಲೇ ತೊಳೆಯಬೇಕು; ಇಲ್ಲದಿದ್ದರೆ ನಾಯಿ, ಬೆಕ್ಕು, ಕರುಗಳು ನೆಕ್ಕುತ್ತವೆ. ಮಗು ಕುಡಿದಿತೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಬ್ಯಾಟರಿ ಮತ್ತು ಕೊರಳಿನ ಕರಡಿಗೆ

ಕಾರಿನ ಬ್ಯಾಟರಿ 12 ವೋಲ್ಟಿನದು. ಮುಟ್ಟಿದರೆ ಶಾಕು ಹೊಡೆಯುವುದಿಲ್ಲ. ಇದರಿಂದಲೇ ಜನರು ಅದನ್ನು ಹಗುರವಾಗಿ ಕಾಣುತ್ತಾರೆ. ಆದರೆ ಅದರ ಎರಡು ತುದಿಗಳ ನಡುವೆ ಲೋಹವೊಂದು ಸೇರಿದರೆ ನೂರಾರು ಆಂಪಿಯರು ವಿದ್ಯುತ್ತು ಹರಿದು ಆ ಲೋಹ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬೆರಳಿನ ಉಂಗುರ, ಕೈಗಡಿಯಾರದ ಸರಪಳಿ, ಬಳೆ, ಕೊರಳಿನ ಸರ ಇವೆಲ್ಲವನ್ನೂ ತೆಗೆದಿಟ್ಟೇ ಕೆಲಸಕ್ಕೆ ಇಳಿಯಬೇಕು.

ನಮ್ಮಲ್ಲಿ ಇದಕ್ಕೊಂದು ವಿಶೇಷವಿದೆ. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದು ನಮ್ಮ ನಿಷ್ಠೆ. ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ಎದೆಯ ಮೇಲಿರುತ್ತದೆ. ಬಾನೆಟ್ಟಿನೊಳಗೆ ಬಗ್ಗಿದಾಗ ಅದು ಮುಂದಕ್ಕೆ ಜೋತುಬೀಳುತ್ತದೆ. ಬೆಳ್ಳಿಯಾದರೋ ವಿದ್ಯುತ್ತನ್ನು ಎಲ್ಲ ಲೋಹಗಳಿಗಿಂತ ಚೆನ್ನಾಗಿ ಹರಿಸುವ ಲೋಹ. ತಿರುಗುವ ಬೆಲ್ಟಿಗೆ ಶಿವದಾರ ಸಿಕ್ಕಿದರಂತೂ ಕೊರಳಿಗೇ ಕುತ್ತು. ಆದ್ದರಿಂದ ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ, ಬನಿಯನ್ನಿನ ಒಳಗೆ ಮೈಗೆ ಅಂಟಿಕೊಂಡಿರುವಂತೆ ಇರಿಸಿ, ಮೇಲೆ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಳ್ಳಬೇಕು. ಹೀಗೆ ಮಾಡಿದರೆ ನಿಷ್ಠೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಪಂಚೆ, ಉತ್ತರೀಯ, ಜೋಲುವ ಸೆರಗು ಇವುಗಳೊಡನೆ ಚಾಲೂ ಇರುವ ಎಂಜಿನ್ನಿನ ಹತ್ತಿರ ಯಾರೂ ನಿಲ್ಲಬಾರದು.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತುದಿಯನ್ನು ತೆಗೆಯಬೇಕು. ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಕಾರಿನ ಇಡೀ ಮೈ ಮೈನಸ್ಸಿಗೆ ಸೇರಿರುವುದರಿಂದ, ಪ್ಲಸ್ ತುದಿಯನ್ನು ಮೊದಲು ಬಿಚ್ಚಹೊರಟರೆ ಪಾನಾದ ಇನ್ನೊಂದು ತುದಿ ಎಲ್ಲಿ ತಾಗಿದರೂ ಕಿಡಿ ಹಾರುತ್ತದೆ. ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿ ಅಥವಾ ಬೀಡಿಯ ಬೆಂಕಿ ಸಾಕು, ಬ್ಯಾಟರಿ ಸಿಡಿದು ಗಂಧಕಾಮ್ಲ ಮೈಮೇಲೆ ಚೆಲ್ಲುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಆಮ್ಲ ತಾಗಿದರೆ ಹದಿನೈದು-ಇಪ್ಪತ್ತು ನಿಮಿಷ ಬಿಡದೆ ಶುದ್ಧ ನೀರಿನಿಂದ ತೊಳೆಯಬೇಕು. ಕಣ್ಣಿಗಾದರೆ ತೊಳೆದ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ ಅಡುಗೆ ಸೋಡ ಹಾಕಬಹುದು; ಕಣ್ಣಿಗೆ ನೀರಲ್ಲದೆ ಬೇರೇನೂ ಸಲ್ಲದು.

ಇನ್ನೊಂದು ಕಾರಿನ ಬ್ಯಾಟರಿಯಿಂದ ನಮ್ಮ ಕಾರನ್ನು ಚಾಲೂ ಮಾಡುವಾಗ ಕ್ರಮ ಹೀಗಿರಲಿ: ಕೆಂಪು ತಂತಿಯ ಒಂದು ತುದಿ ನಮ್ಮ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಅವರ ಪ್ಲಸ್ಸಿಗೆ, ಕಪ್ಪು ತಂತಿಯ ಒಂದು ತುದಿ ಅವರ ಮೈನಸ್ಸಿಗೆ, ಕೊನೆಯ ತುದಿ ನಮ್ಮ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ನಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯ ಬಳಿ ಹಾರಬಾರದೆಂಬುದೇ ಇದರ ಮರ್ಮ.

ಪೆಟ್ರೋಲು, ಬೆಂಕಿ, ಹೊಗೆ

ಒಂದು ಪ್ಲಾಸ್ಟಿಕ್ ಕೊಳವೆಯಿಂದ ಬಾಯಲ್ಲಿ ಪೆಟ್ರೋಲು ಹೀರಿ ತೆಗೆಯುವ ಹಳೆಯ ಪದ್ಧತಿ ಇನ್ನೂ ಅಳಿದಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಹಾಗೊಮ್ಮೆ ನುಂಗಿದವರಿಗೆ ವಾಂತಿ ಮಾಡಿಸಬಾರದು. ವಾಂತಿಯಲ್ಲಿ ಮತ್ತೊಮ್ಮೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಕಾರ್ಬ್ಯುರೇಟರು ಇದ್ದ ಹಳೆಯ ಕಾರಿನ ಅನುಭವವನ್ನು ಇಂದಿನ ಕಾರಿಗೆ ಹಚ್ಚುವುದೂ ತಪ್ಪು. ಈಗಿನ ಪೆಟ್ರೋಲ್ ಕಾರಿನ ಕೊಳವೆಯಲ್ಲಿ, ಎಂಜಿನ್ನು ಆರಿಸಿದ ಮೇಲೂ ಒತ್ತಡ ಉಳಿದಿರುತ್ತದೆ. ಸಡಿಲಿಸಿದರೆ ಪೆಟ್ರೋಲು ಕಾದ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಡೀಸೆಲ್ ಕಾರುಗಳ ಹೊಸ ಪದ್ಧತಿಯಲ್ಲಿ ಒತ್ತಡವು ವಾಯುಮಂಡಲದ ಸಾವಿರ ಪಟ್ಟಿಗೂ ಹೆಚ್ಚು. ಸೂಜಿಯ ಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ಹುಡುಕಿದರೆ ಡೀಸೆಲ್ಲು ಚರ್ಮವನ್ನು ತೂರಿ ಮಾಂಸದೊಳಗೆ ಸೇರುತ್ತದೆ. ಹೊರಗೆ ಕಾಣುವುದು ಸಾಸಿವೆಯಷ್ಟು ಗಾಯ. ಒಳಗೆ ಬೆರಳೇ ಹೋಗಬಹುದು. ಅಂಥ ಗಾಯಕ್ಕೆ ಅರಿಸಿನ ಹಚ್ಚಿ ಸುಮ್ಮನೆ ಕೂಡದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಫ್ಯೂಜು ಸುಟ್ಟರೆ ಅದೇ ಅಂಕಿಯ ಫ್ಯೂಜನ್ನೇ ಹಾಕಬೇಕು. ಸಿಗರೇಟು ಪೊಟ್ಟಣದ ಬೇಗಡೆಯನ್ನೋ ತಂತಿಯನ್ನೋ ತುರುಕಿದರೆ ಫ್ಯೂಜಿನ ಬದಲು ಒಳಗಿನ ತಂತಿಗಳೇ ಸುಟ್ಟು ಕಾರಿಗೆ ಬೆಂಕಿ ಹತ್ತುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿಯ ಮೇಲೆ ಕಾರು ಹಾಯಿಸಿದವರು ಮುಂದೆ ಹೋಗಿ ನಿಲ್ಲಿಸಿ, ಕೆಳಗೆ ಬಳ್ಳಿ ಸುತ್ತಿಕೊಂಡಿದೆಯೇ ಎಂದು ನೋಡಲೇಬೇಕು. ಕಾದ ಸೈಲೆನ್ಸರಿಗೆ ತಾಗಿದ ಒಣ ಬಳ್ಳಿ ಹೊತ್ತಿಕೊಂಡು ಕಾರುಗಳು ಸುಟ್ಟುಹೋದ ಪ್ರಸಂಗಗಳು ನಮ್ಮ ನಾಡಿನಲ್ಲಿ ನಡೆದಿವೆ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಚಾಲೂ ಇಡಬಾರದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಬಳಿಕ ಮಂಪರು. ಎದ್ದು ಬಾಗಿಲು ತೆರೆಯಬೇಕೆಂಬ ಬುದ್ಧಿಯೇ ಆಗ ಉಳಿದಿರುವುದಿಲ್ಲ.

ರೋಗವನ್ನು ತಿಳಿಯುವ ಬಗೆ

ಇಷ್ಟೆಲ್ಲ ಓದಿ ಕಾರನ್ನು ಮುಟ್ಟುವುದೇ ಬೇಡವೆಂದು ಯಾರೂ ಭಾವಿಸಬಾರದು. ದೋಷವನ್ನು ಕಂಡುಹಿಡಿಯುವುದು ಬೇರೆ, ತಿದ್ದುವುದು ಬೇರೆ. ಕಂಡುಹಿಡಿಯುವ ಕೆಲಸದಲ್ಲಿ ಅಪಾಯ ಕಡಿಮೆ, ಲಾಭ ಹೆಚ್ಚು. ಕಣ್ಣು, ಕಿವಿ, ಮೂಗು ಇವೇ ಅದಕ್ಕೆ ಸಾಧನಗಳು.

ಕೀಲಿ ತಿರುಗಿಸಿದಾಗ ಟಿಕ್‌ಟಿಕ್ ಎಂಬ ಸದ್ದಷ್ಟೇ ಬಂದು ದೀಪಗಳು ಮಂಕಾದರೆ ಬ್ಯಾಟರಿ ಬಲಹೀನವಾಗಿದೆ, ಇಲ್ಲವೆ ಅದರ ತುದಿಗಳು ಸಡಿಲಾಗಿವೆ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಸೋಡ ಬೆರೆಸಿದ ಬೆಚ್ಚನೆಯ ನೀರಿನಿಂದ ತೊಳೆದು ಒರೆಸಿ ಬಿಗಿದರೆ ಎಷ್ಟೋ ಸಲ ಕಾರು ಚಾಲೂ ಆಗುತ್ತದೆ. ದೀಪಗಳು ಪ್ರಕಾಶವಾಗಿದ್ದು ಒಮ್ಮೆ ಟಕ್ಕೆಂದು ಸುಮ್ಮನಾದರೆ ಸ್ಟಾರ್ಟರಿನ ಕಡೆ ಸಂಶಯಪಡಬೇಕು. ಎಂಜಿನ್ನು ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲಾದರೂ ಕಿಡಿಯಾದರೂ ತಲುಪುತ್ತಿಲ್ಲವೆಂದು ತಿಳಿಯಬೇಕು. ಬಹಳಷ್ಟು ಕಾರುಗಳಲ್ಲಿ ಕೀಲಿ ಹಾಕಿದೊಡನೆ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಎಂಬ ಸದ್ದು ಎರಡು ಕ್ಷಣ ಕೇಳಬೇಕು. ಅದು ಕೇಳದಿದ್ದರೆ ಮೊದಲು ಪಂಪಿನ ಫ್ಯೂಜು ನೋಡಬೇಕು.

ರಾತ್ರಿ ನಿಲ್ಲಿಸಿದ ಕಾರಿನ ಕೆಳಗೆ ಬೆಳಿಗ್ಗೆ ಹನಿ ಕಂಡರೆ ಬಿಳಿಯ ಕಾಗದವೊಂದನ್ನು ಹಾಸಿ ಪರೀಕ್ಷಿಸಿರಿ. ಬರಿಯ ನೀರಾದರೆ ಅದು ಏಸಿಯದು, ಚಿಂತೆಯಿಲ್ಲ. ಹಸಿರು ಅಥವಾ ಗುಲಾಬಿಯಾದರೆ ಕೂಲೆಂಟು. ಮಟ್ಟ ನೋಡಿ ಗ್ಯಾರೇಜಿಗೆ ಒಯ್ಯಬೇಕು. ಕಂದು-ಕಪ್ಪಾದರೆ ಎಂಜಿನ್ ಆಯಿಲು. ಗಾಲಿಯ ಒಳಬದಿಯಲ್ಲಿ ತಿಳಿಹಳದಿಯ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲು ಇರಬಹುದು; ಆ ಕಾರನ್ನು ಒಂದು ಹೆಜ್ಜೆಯೂ ಓಡಿಸಬಾರದು. ಪೆಟ್ರೋಲಿನ ವಾಸನೆ ಬಂದರೆ ಕೀಲಿಯನ್ನೇ ತಿರುಗಿಸಬಾರದು.

ಬ್ರೇಕು ತುಳಿದಾಗ ಮೆತ್ತಗೆ ಕೆಳಗಿಳಿದರೆ, ಕಾರು ಒಂದು ಬದಿಗೆ ಎಳೆದರೆ, ಕಬ್ಬಿಣ ಉಜ್ಜಿದ ಸದ್ದು ಬಂದರೆ ಅದು ನಾಳೆಗೆ ಮುಂದೂಡುವ ಕೆಲಸವಲ್ಲ. ಬ್ರೇಕಿಗೆ ಕೈಪಿಡಿಯಲ್ಲಿ ಹೇಳಿದ ಆಯಿಲನ್ನಲ್ಲದೆ ಎಂಜಿನ್ ಆಯಿಲನ್ನು ಹಾಕಿದರೆ ರಬ್ಬರುಗಳು ಉಬ್ಬಿ ಬ್ರೇಕೇ ಇಲ್ಲದಂತಾಗುತ್ತದೆ. ಪ್ಯಾಡು ಬದಲಿಸಿದ ಮೇಲೆ ಕಾರನ್ನು ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ತುಳಿಯಬೇಕು. ಏಕೆಂದರೆ ಹೊಸ ಪ್ಯಾಡು ಕೂಡಿಸಲು ಹಿಂದಕ್ಕೆ ಒತ್ತಿದ ಪಿಸ್ಟನ್ನು ಮುಂದೆ ಬಂದಿರುವುದಿಲ್ಲ. ಮೊದಲನೆಯ ಸಲ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶದ ಶತ್ರು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೈ ಹಾಕಬಾರದ ಕೆಲಸಗಳು

ಗಾಲಿ ಬದಲಿಸುವುದು, ಗಾಳಿ ಮತ್ತು ಆಯಿಲಿನ ಮಟ್ಟ ನೋಡುವುದು, ಏರ್ ಫಿಲ್ಟರು, ವೈಪರು, ಬಲ್ಬು, ಫ್ಯೂಜು, ಬ್ಯಾಟರಿಯ ತುದಿಗಳ ಸ್ವಚ್ಛತೆ ಇವು ಮನೆಯಲ್ಲಿ ಯಾರಾದರೂ ಕಲಿಯಬಹುದಾದ ಕೆಲಸಗಳು. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಕಲಿಯಬೇಕು. ಕೆಲವನ್ನು ಮಾತ್ರ ತರಬೇತಿ ಪಡೆದವರಿಗೇ ಬಿಡಬೇಕು.

ಒಂದು, ಏರ್‌ಬ್ಯಾಗು. 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು ಕಡ್ಡಾಯವಾಗಿದೆ. ಸ್ಟೇರಿಂಗಿನೊಳಗೆ ಅದನ್ನು ಉಬ್ಬಿಸಲು ಸ್ಫೋಟಕವಿರುತ್ತದೆ. ತಂತಿಗಳನ್ನು ಮೀಟರಿನಿಂದ ಕೆದಕಿದರೂ ಅದು ಮುಖಕ್ಕೆ ಸಿಡಿಯಬಹುದು. ಎರಡು, ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳು. ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ. ಮೂರು, ಸಸ್ಪೆನ್ಷನ್ನಿನ ಸ್ಪ್ರಿಂಗು. ಒತ್ತಿಟ್ಟ ಆ ಸುರುಳಿ ತಪ್ಪಿದರೆ ತುಪಾಕಿಯ ಗುಂಡಿನಂತೆ ಹಾರುತ್ತದೆ. ನಾಲ್ಕು, ಸಿಎನ್‌ಜಿ ಮತ್ತು ಗ್ಯಾಸಿನ ಕೊಳವೆಗಳು. ಐದು, ಬ್ರೇಕಿನ ಕೊಳವೆಗಳು ಮತ್ತು ಸ್ಟೇರಿಂಗಿನ ಜೋಡಣೆಗಳು. ಇಲ್ಲಿ ನಮ್ಮ ತಪ್ಪಿಗೆ ಎದುರಿನಿಂದ ಬರುವ ನಿರಪರಾಧಿಯೂ ಬೆಲೆ ತೆರಬೇಕಾಗುತ್ತದೆ.

ಮನೆಯವರಿಗೆ ಒಂದು ಮಾತು

ಕೆಲಸಕ್ಕೆ ಇಳಿಯುವವನು ಒಬ್ಬನೇ ಇರಬಾರದು. ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರೊಬ್ಬರು ಇರಲಿ. ಕಾರಿನ ಕೀಲಿ ಕೆಲಸ ಮಾಡುವವನ ಜೇಬಿನಲ್ಲಿರಲಿ; ಅಪ್ಪ ಕಾರಿನ ಕೆಳಗಿರುವಾಗ ಮಗು ಆಟಕ್ಕೆಂದು ಕೀಲಿ ತಿರುಗಿಸಬಾರದು. ಒಂದು ಬಕೆಟ್ಟು ನೀರು ಹತ್ತಿರವಿರಲಿ, ಆದರೆ ಪೆಟ್ರೋಲಿನ ಬೆಂಕಿಗೆ ನೀರು ಹಾಕಬಾರದು. ಅದಕ್ಕೆ ಒಣ ಮರಳು ಅಥವಾ ಪುಡಿಯ ಅಗ್ನಿಶಾಮಕ ಬೇಕು. ತುರ್ತು ಸಹಾಯದ 112 ಮತ್ತು ಆಂಬ್ಯುಲೆನ್ಸಿನ 108 ಸಂಖ್ಯೆಗಳು ಮನೆಯ ಎಲ್ಲರಿಗೂ ಬಾಯಿಪಾಠವಿರಲಿ. ಹಾಗೆಯೇ ಮನೆಯವರು ಪ್ರಶ್ನೆ ಕೇಳುವುದನ್ನು ಬಿಡಬಾರದು. ತಾಂತ್ರಿಕ ಜ್ಞಾನ ಇಲ್ಲದ ಹೆಂಗಸು, ವಯಸ್ಸಾದ ತಾಯಿ ಎಂದು ಯಾರೂ ಅವರ ಮಾತನ್ನು ತಳ್ಳಿಹಾಕಬಾರದು. ಚಕ್ಕಡಿಯಡಿಗೆ ದಿಮ್ಮಿ ಇಟ್ಟ ತಲೆಮಾರಿನ ಅರಿವು ಕಾರಿಗೂ ಸಲ್ಲುತ್ತದೆ.

ಕೊನೆಗೆ, ಉಳಿತಾಯದ ಮಾತು. ನಮ್ಮ ಕೈಲಾಗದ ಕೆಲಸವನ್ನು ಗ್ಯಾರೇಜಿನ ಮೇಸ್ತ್ರಿಗೆ ಒಪ್ಪಿಸಿ, ಅವನು ಕೇಳಿದ ನ್ಯಾಯವಾದ ಮಜೂರಿಯನ್ನು ಚೌಕಾಸಿಯಿಲ್ಲದೆ ಕೊಡುವುದು ಸೋಲಲ್ಲ. ಅದು ಅವನ ಕಾಯಕಕ್ಕೆ ನಾವು ಸಲ್ಲಿಸುವ ಗೌರವ. ನಾನು ಅಂದು ಉಳಿಸಹೊರಟದ್ದು ಒಂದು ಮಧ್ಯಾಹ್ನದ ಮಜೂರಿ. ಒಡ್ಡಿದ್ದು ಇಡೀ ಮನೆಯ ಬಾಳು. ಆ ಸಂಜೆ ಅವ್ವ ಮತ್ತು ನಾನು ಪ್ರವಚನಕ್ಕೆ ನಡೆದುಕೊಂಡೇ ಹೋದೆವು. ಮರುದಿನ ಮೇಸ್ತ್ರಿ ಬಂದು ತನ್ನ ಎರಡು ಸ್ಟ್ಯಾಂಡುಗಳನ್ನು ಕಾರಿನ ಕೆಳಗಿಟ್ಟು, ಅಲುಗಿಸಿ ನೋಡಿ, ಆಮೇಲೆ ಮಲಗಿದ. ಬಾಗಿಲಲ್ಲಿ ನಿಂತಿದ್ದ ಅವ್ವ ಏನನ್ನೂ ಕೇಳದೆ ಒಳಗೆ ಹೋದಳು.